ನಾಲ್ಕು ಸುಳ್ಳು, ಒಂದು ಖರೆ

ತೂತಿಲ್ಲದ ಸೀರೆಯಲ್ಲಿ ಅವರನ್ನು ನಾನು ನೋಡಿದ್ದು ಒಂದೇ ಸಲ. ಉಳಿದಂತೆ ಅವರು ಉಡುತ್ತಿದ್ದ ಸೀರೆಗಳಿಗೆಲ್ಲ ಮೊಣಕಾಲಿನಿಂದ ಕೆಳಗೆ ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ತೂತು. ಬ್ಯಾಟರಿ ಆ್ಯಸಿಡ್ ಸಿಡಿದು ಸುಟ್ಟದ್ದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಟ್‌ವರ್ಕ್ ಎಂಬ್ರಾಯ್ಡರಿ ಕಲಿಸುತ್ತಿದ್ದರು, ಬಟ್ಟೆಯನ್ನು ಕತ್ತರಿಸಿಯೇ ಹೂವು ಮಾಡುವುದು. ನಿಮ್ಮ ಸೀರೆ ನೋಡಿದರೆ ಅದು ನೆನಪಾಗುತ್ತದೆ ಎಂದು ಒಮ್ಮೆ ಅವರಿಗೆ ಹೇಳಿದೆ.

"ಹಂಗಾದ್ರ ನಿಮ್ಮ ಪತ್ತಲಾ ಒಂದು ತರ್ರಿ ಅಕ್ಕಾರ, ಪುಕ್ಕಟ ಡಿಸೈನ್ ಹೊಡದ ಕೊಡ್ತೀನಿ" ಎಂದರು.

ಚಿಕ್ಕೋಡಿಯಲ್ಲಿ ನಿಪ್ಪಾಣಿ ರಸ್ತೆಯ ಮೇಲೆ ಅವರ ಬ್ಯಾಟರಿ ಅಂಗಡಿ. ಗಂಡ ಇಟ್ಟ ಅಂಗಡಿ. ಗಂಡ ತೀರಿಕೊಂಡ ಮೇಲೆ ಮೈದುನರು ಬಂದು, ಇದು ಹೆಂಗಸರ ಕೆಲಸ ಅಲ್ಲ, ಕೀಲಿ ಕೊಡು ಎಂದರಂತೆ. "ಕೀಲಿ ನನ್ನ ನಡದಾಗ ಐತಿ, ಯಾರಿಗೆ ಧೈರ್ಯ ಐತಿ ಅವರು ಬಂದು ಬಿಚ್ಕೋರಿ ಅಂದ್ನಿ. ಚಾ ಕುಡದು ಹೋದ್ರು" ಎಂದು ಹೇಳಿ ನಗುತ್ತಿದ್ದರು. ಊರಿಗೆಲ್ಲ ಅವರು ಕಾಕು, ಮರಾಠಿಯಲ್ಲಿ ಚಿಕ್ಕಮ್ಮ. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಆದರೂ ನಾನೂ ಕಾಕು ಎಂದೇ ಕರೆದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ನಾನು ಅವರಿಗೆ ಕೊನೆಯವರೆಗೂ ಅಕ್ಕಾರು.

ಅವರು ಸಂತರೇನೂ ಅಲ್ಲ. ಸ್ಟೂಲಿನ ಕೆಳಗೆ ಮಿಶ್ರಿ ಡಬ್ಬಿ ಇರುತ್ತಿತ್ತು, ಹುರಿದ ತಂಬಾಕಿನ ಪುಡಿ. ಅದನ್ನು ಹಲ್ಲಿಗೆ ತಿಕ್ಕುತ್ತಲೇ ವ್ಯಾಪಾರ. ನನಗೆ ಅದು ಸುತರಾಂ ಸೇರುತ್ತಿರಲಿಲ್ಲ. "ಕಾಕು, ಇಟ್ ಈಸ್ ಪಾಯ್ಸನ್" ಎಂದರೆ, "ಹೌದ್ರಿ, ಅದಕ್ಕ ಹುಳಾ ಹತ್ತಿಲ್ಲ ನೋಡ್ರಿ ಹಲ್ಲಿಗೆ" ಎಂದು ಬಾಯಿ ತೆರೆದು ತೋರಿಸುವರು. ಚೌಕಾಸಿ ಮಾಡಿದವರಿಗೆ ಮರಾಠಿಯಲ್ಲಿ ಬೈಯುವರು, ಕನ್ನಡದಲ್ಲಿ ಕೂಡ್ರಿಸಿ ಚಹಾ ಕೊಡುವರು. ಯಾವ ಗಾಡಿ ಕೆಟ್ಟರೂ ಬ್ಯಾಟರಿಯದೇ ತಪ್ಪು ಎಂಬ ಹಟವೂ ಇತ್ತು. ಒಮ್ಮೆ ಬೋರಗಾಂವದ ಒಬ್ಬ ರೈತರ ಜೀಪು ಅಂಗಡಿಯ ಮುಂದೆಯೇ ನಿಂತುಬಿಟ್ಟಿತು. ಕಾಕು ಅಂಗಡಿಯಿಂದಲೇ "ಬ್ಯಾಟರಿ ಸತ್ತೈತಿ" ಎಂದು ಕೂಗಿ ಹೊಸದನ್ನು ಕೂಡ್ರಿಸಿಯೂ ಬಿಟ್ಟರು. ಜೀಪು ಅಲ್ಲಾಡಲಿಲ್ಲ. ಕಡೆಗೆ ನೋಡಿದರೆ ಟ್ಯಾಂಕಿನಲ್ಲಿ ಡೀಸೆಲ್ಲೇ ಇಲ್ಲ. ಡೀಸೆಲ್ ತೋರಿಸುವ ಮುಳ್ಳಿನ ಪಕ್ಕದ ದೀಪ ಹೊತ್ತಿಕೊಂಡೇ ಇತ್ತು. ಆ ರೈತರು ಊರೆಲ್ಲ ಹೇಳಿಕೊಂಡು ನಕ್ಕರು. ಕಾಕು ನಗಲಿಲ್ಲ. ಆಮೇಲಿಂದ ಟೆಸ್ಟರ್ ಹಚ್ಚದೆ ಬಾಯಿ ಬಿಡುತ್ತಿರಲಿಲ್ಲ ಎಂದು ಪಕ್ಕದ ಟಾಯರ್ ಅಂಗಡಿಯವರು ಹೇಳುತ್ತಾರೆ.

ನನಗೆ ಅವರ ಪರಿಚಯ ಆದದ್ದು ನನ್ನ ಕಾರು ಮಾರಾಟಕ್ಕೆ ಬಂದಾಗ.

ನನ್ನ ಯಜಮಾನರು ಬಿಟ್ಟುಹೋದದ್ದರಲ್ಲಿ ನಾನು ದಿನಾ ಮುಟ್ಟುವ ವಸ್ತು ಆ ಸಣ್ಣ ಬಿಳಿ ಕಾರು. ಅಕ್ಕ ಸದಲಗಾದಲ್ಲಿದ್ದಾಳೆ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ, ಮಾತು ತೊದಲು. ಪ್ರತಿ ಗುರುವಾರ ಹೋಗಿ ಅವಳ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹಾಕಿ ಬರುವುದು ನನ್ನ ಪಾಲಿನ ಕೆಲಸ. ಸೊಸೆಯಂದಿರು ಒಳ್ಳೆಯವರೇ. ಆದರೆ ತಲೆ ಮಾತ್ರ ಅವಳು ನನ್ನಿಂದಲೇ ಬಾಚಿಸಿಕೊಳ್ಳುವುದು. ನನ್ನ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಆಗದು. ಹೀಗಾಗಿ ಕಾರು ಇದ್ದರೆ ಗುರುವಾರ, ಇಲ್ಲದಿದ್ದರೆ ಇಲ್ಲ.

ಒಂದು ದಿನ ಚಾವಿ ತಿರುಗಿಸಿದೆ. ಗಾಡಿ ಗೊಣಗಿಕೊಂಡು ಚಾಲೂ ಆಯಿತು, ಆದರೆ ಡ್ಯಾಶ್‌ಬೋರ್ಡಿನ ದೀಪಗಳು ಆರಲೇ ಇಲ್ಲ. ಎಂಜಿನ್ನಿನದು, ಸ್ಟೇರಿಂಗಿನದು, ಏರ್‌ಬ್ಯಾಗಿನದು, ಎಬಿಎಸ್ಸಿನದು, ಬ್ರೇಕಿನದು, ಎಲ್ಲ ಒಟ್ಟಿಗೆ. ಲೈಕ್ ಎ ಕ್ರಿಸ್‌ಮಸ್ ಟ್ರೀ. ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ ಸ್ಕ್ಯಾನರ್ ಹಚ್ಚಿ ಒಂದರ ಹಿಂದೊಂದು ಕೋಡ್ ಓದಿದರು. ಸ್ಟೇರಿಂಗ್ ಮೋಟರ್ ಹೋಗಿದೆ, ಸೆನ್ಸರ್ ಹೋಗಿವೆ, ರಿಪೇರಿಗಿಂತ ಮಾರುವುದೇ ವಾಸಿ ಎಂದರು. ಸಾಂಗ್ಲಿಯಲ್ಲಿರುವ ನನ್ನ ಮಗಳಿಗೆ ಇಷ್ಟು ಸಾಕಾಯಿತು. "ಎನಫ್ ಮಮ್ಮಿ. ಈ ವಯಸ್ಸಿನಾಗ ಸ್ಟೇರಿಂಗ್ ಹಿಡಕೋಬ್ಯಾಡಂತ ಎಷ್ಟು ಸಲ ಹೇಳಲಿ? ಈಗ ಗಾಡೀನ ಹೇಳಾಕತ್ತೈತಿ" ಎಂದಳು. ಮಾರಿಸಿಕೊಡುವವರನ್ನೂ ಕೊಳ್ಳುವವರನ್ನೂ ಅವಳೇ ಗೊತ್ತುಮಾಡಿದಳು. ಭಾನುವಾರ ಬಂದು ಒಯ್ಯುತ್ತಾರೆ ಎಂದು ಮಾತಾಯಿತು.

ಶನಿವಾರ ಗಾಡಿ ಚಾಲೂನೇ ಆಗಲಿಲ್ಲ. ಕೊಳ್ಳುವವರ ಮುಂದೆ ಮಾನ ಹೋಗಬಾರದೆಂದು ಬ್ಯಾಟರಿ ಅಂಗಡಿಗೆ ಫೋನ್ ಮಾಡಿಸಿದೆ. ಕಾಕು ತಾವೇ ಬಂದರು, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಟೆಸ್ಟರ್ ಇಟ್ಟುಕೊಂಡು.

ಮೊದಲು ಸುಮ್ಮನೆ ಮೀಟರ್ ಹಿಡಿದರು. ಹನ್ನೆರಡರ ಮೇಲೆ ತೋರಿಸಿತು. "ನೋಡಿ, ಬ್ಯಾಟರಿ ಸರಿ ಇದೆ" ಎಂದೆ.

"ತಡೀರಿ. ಸುಮ್ಮ ಕುಂತಾಗ ಎಲ್ಲಾರೂ ಗಟ್ಟಿನ ಇರ್ತಾರ." ಆಮೇಲೆ ಇನ್ನೊಂದು ಟೆಸ್ಟರ್ ಕಚ್ಚಿಸಿ ಅದರ ಮೇಲೆ ಭಾರ ಹಾಕಿದರು. ಸುರುಳಿ ತಂತಿ ಕೆಂಪಗಾಯಿತು, ಮುಳ್ಳು ಕುಸಿದು ಕೆಳಗೆ ಬಿತ್ತು. "ನೋಡಿದ್ರೇನು? ಸೆಲ್ಫ್ ಹೊಡದ ಕೂಡ್ಲೇ ಇದರ ಉಸಿರು ಹೋಗತೈತಿ. ಒಳಗಿನ ಕಂಪ್ಯೂಟರಗೋಳು ಉಪವಾಸ ಬೀಳ್ತಾವು. ಉಪವಾಸ ಬಿದ್ದ ಮಂದಿ ಏನ್ ಮಾಡ್ತಾರ? ಇವ ಸರಿ ಇಲ್ಲ, ಅವ ಸರಿ ಇಲ್ಲ ಅಂತ ಒಬ್ಬರ ಮ್ಯಾಲೊಬ್ಬರು ತಕರಾರ ಹೇಳ್ತಾರ. ನಿಮ್ಮ ದೀಪಾ ಅಂದ್ರ ಅದ."

ಹೋದ ವರ್ಷವಷ್ಟೇ ಹಾಕಿಸಿದ ಬ್ಯಾಟರಿ ಇಷ್ಟು ಬೇಗ ಹೇಗೆ ಕೆಟ್ಟಿತು ಎಂದು ನಾನು ಕೇಳಿದೆ. ಗಾಡಿಯನ್ನು ಹೇಗೆ ಇಟ್ಟಿದ್ದೀರಿ ಎಂದು ಅವರು ಕೇಳಿದರು. ಹೇಳಿದೆ. ಯಜಮಾನರು ನಡೆಸಿಕೊಂಡು ಬಂದದ್ದನ್ನು ನಾನೂ ಬಿಟ್ಟಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ. ಚಕ್ರದ ಕೆಳಗೆ ಲಿಂಬೆಹಣ್ಣು, ಮುಂದೆ ಕಾಯಿ. ಗಾಡಿಯೂ ಕಣ್ಣು ತೆರೆದು ಆರತಿ ನೋಡಬೇಕು ಎನ್ನುತ್ತಿದ್ದರು ಅವರು. ಅದಕ್ಕೆ ಎಂಜಿನ್ ಬಂದ್ ಇಟ್ಟು ಹೆಡ್‌ಲೈಟ್ ಹಚ್ಚಿ, ಊದಿನಕಡ್ಡಿ ಮುಗಿಯುವ ತನಕ ಬಿಡುತ್ತಿದ್ದೆ. ಉಳಿದ ದಿನ ಬೆಳಿಗ್ಗೆ ಒಂದು ಸಲ ಚಾಲೂ ಮಾಡಿ, ಗುರ್ ಅಂದ ಕೂಡಲೇ ಬಂದ್ ಮಾಡುವುದು, ಗಾಡಿ ಮೈಮರೆಯಬಾರದು ಅಂತ.

ಕಾಕು ಸೊಂಟದ ಮೇಲೆ ಕೈ ಇಟ್ಟು ನಿಂತರು. "ಅಗ ಬಾಯಿ! ನೀವು ಗಾಡಿ ಪೂಜಿ ಮಾಡಾಕತ್ತಿದ್ರೋ, ಬ್ಯಾಟರಿ ತಿಥಿ ಮಾಡಾಕತ್ತಿದ್ರೋ?"

ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ಹೋದ ಮೇಲೆ ಆ ಗಾಡಿಯ ಹತ್ತಿರ ನಿಂತು ನಾನು ನಕ್ಕದ್ದು ಅದೇ ಮೊದಲು. ಅವರ ಕಾಲದಲ್ಲಿ ಗಾಡಿ ದಿನಾ ಓಡುತ್ತಿತ್ತು, ಕಳೆದುಕೊಂಡದ್ದನ್ನು ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ನನ್ನ ಕಾಲದಲ್ಲಿ ವಾರಕ್ಕೊಮ್ಮೆ ಸದಲಗಾ, ಅಷ್ಟೇ.

"ಪೂಜಿ ಬಿಡಬ್ಯಾಡ್ರಿ" ಎಂದರು ಕಾಕು. "ಅಂಗಳಕ್ಕ ತಗದು, ಎಂಜಿನ್ ಚಾಲೂ ಇಟ್ಟು ಆರತಿ ಮಾಡ್ರಿ. ಮತ್ತ ಸದಲಗಾದಿಂದ ಬರೂವಾಗ ಒಂದು ಸುತ್ತ ಜಾಸ್ತಿ ಹಾಕ್ರಿ. ಹೊಳಿ ನೋಡಿಕೋತ ಬರ್ರಿ, ಯಾರು ಕೇಳ್ತಾರ?"

ಹೊಸ ಬ್ಯಾಟರಿ ಕೂಡ್ರಿಸಿ, ನನ್ನನ್ನೇ ಸ್ಟೇರಿಂಗಿಗೆ ಕೂಡಿಸಿ, ಪಕ್ಕದಲ್ಲಿ ತಾವು ಕೂತರು. ಚಕ್ರವನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದ ಮೇಲೆ ಸ್ಟೇರಿಂಗಿನ ದೀಪ ಆರಿತು. ಓಣಿ ದಾಟುವಷ್ಟರಲ್ಲಿ ಎಬಿಎಸ್ಸಿನದು. ಎಂಜಿನ್ನಿನದೂ ಏರ್‌ಬ್ಯಾಗಿನದೂ ಹಟ ಹಿಡಿದವು. ಮೊದಲಿನ ಗ್ಯಾರೇಜಿಗೇ ಹೋಗಿ, ಅದೇ ಸ್ಕ್ಯಾನರಿನಿಂದ ಹಳೆಯ ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ. ಉಳಿದದ್ದು ಬ್ರೇಕಿನ ದೀಪ ಒಂದೇ.

ಇದೂ ಹಳೆಯದೇ ಇರಬೇಕು, ಬಿಡಿ ಎಂದೆ ನಾನು. ಒಂದು ಸಲ ಗೆದ್ದ ಮೇಲೆ ಎಲ್ಲವೂ ಸುಳ್ಳೇ ಅನಿಸುತ್ತದೆ.

ಕಾಕು ಗಾಡಿ ಬಿಟ್ಟು ಇಳಿಯಲಿಲ್ಲ. "ಏನ್ ಬಿಡೂದ್ರಿ? ನಾಕ ಸುಳ್ಳ ಹೇಳಿದ್ವು ಅಂತ ಐದನೇದ್ದ ಮಾತ ಕೇಳಬಾರದೇನು? ಬ್ಯಾಟರಿ ಛಲೋ ಆಗಿ ಕುಂತೈತಿ. ಇನ್ನ ಮ್ಯಾಲೆ ಆರವಲ್ದ ದೀಪಾ ಖರೇ ಹೇಳತೈತಿ." ಅಲ್ಲಿಯ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದರು. ಬ್ರೇಕ್ ಎಣ್ಣೆ ತಳ ಕಂಡಿತ್ತು. ಹಿಂದಿನ ಚಕ್ರದ ಹತ್ತಿರ ಸೋರುತ್ತಿತ್ತು. ಅಷ್ಟು ದೀಪಗಳ ನಡುವೆ ಅದೊಂದನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಸದಲಗಾದ ಹತ್ತಿರದ ದೂಧಗಂಗಾ ಸೇತುವೆಯ ಇಳಿಜಾರು ನೆನೆದು, ಅದನ್ನು ಆಗಲೇ ರಿಪೇರಿ ಮಾಡಿ ಎಂದೆ.

ಭಾನುವಾರ ಕೊಳ್ಳುವವರು ಬಂದರು, ಚಹಾ ಕುಡಿದು ಹೋದರು. ಮಗಳು ವಾರಗಟ್ಟಲೆ ಮಾತು ಬಿಟ್ಟಳು, ಆಮೇಲೆ ಅವಳೇ ಫೋನ್ ಮಾಡಿ "ಬ್ಯಾಟರಿ ಹೆಂಗೈತಿ?" ಎಂದಳು. ಗುರುವಾರಗಳು ನಡೆದವು. ಹೋಗುವಾಗ ಕಾಕುವಿನ ಅಂಗಡಿಯ ಮುಂದೆ ಹಾರ್ನ್ ಹೊಡೆಯುವುದು, ಅವರು ಮಿಶ್ರಿ ಹಚ್ಚಿದ ಬೆರಳನ್ನೇ ಎತ್ತಿ ತೋರಿಸುವುದು ರೂಢಿಯಾಯಿತು.

ಎರಡು ದೀಪಾವಳಿ ಕಳೆದಿರಬೇಕು. ಕಾಕುವಿಗೆ ದಮ್ಮು ಹತ್ತತೊಡಗಿತು. ಬ್ಯಾಟರಿ ಎತ್ತುವುದು ಬಿಡಿ, ಅಂಗಡಿಯ ಶಟರ್ ಎಳೆಯುವುದೂ ಆಗುತ್ತಿರಲಿಲ್ಲ. ನಾನು ಅವರ ಪಾಠವನ್ನೇ ಅವರಿಗೆ ಒಪ್ಪಿಸಿದೆ. "ಮೊದಲ ಬ್ಯಾಟರಿ ನೋಡಬೇಕು ಅಂತೀರಲ್ಲ ಕಾಕು? ನಿಮಗ ರಕ್ತ ಕಮ್ಮಿ ಆಗೇತಿ. ಸರಿ ಉಣ್ರಿ, ಮಿಶ್ರಿ ಬಿಡ್ರಿ, ದೀಪಾ ಎಲ್ಲಾ ಆರತಾವು." ರಕ್ತ ಪರೀಕ್ಷೆ ಮಾಡಿಸಿದರು. ನಾನು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಒಯ್ದೆ. ತಿಂದರು. ಮಿಶ್ರಿಯನ್ನೂ ಅರ್ಧಕ್ಕಿಳಿಸಿದರು.

ಒಂದು ಗುರುವಾರ ಹಾರ್ನ್ ಹೊಡೆದರೆ ಬೆರಳು ಕಾಣಲಿಲ್ಲ. ಇಳಿದು ಒಳಗೆ ಹೋದೆ. ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿದ್ದರು. ಕಾಲು ಬಾತುಕೊಂಡಿದ್ದವು.

"ರಕ್ತಾ ಭರ್ತಿ ಐತಿ ಅಂದ್ರು ಅಕ್ಕಾರ. ಸಕ್ಕರಿ ಇಲ್ಲ ಅಂದ್ರು. ನೀವು ಕೊಟ್ಟ ಹೋಳಿಗಿ ತಿಂದೇನಿ." ಉಸಿರು ತೆಗೆದುಕೊಂಡರು. "ಬ್ಯಾಟರಿ ಛಲೋ ಐತಿ. ದೀಪಾ ಆರವಲ್ದು."

"ಹಂಗೆಲ್ಲ ಮಾತಾಡಬ್ಯಾಡ್ರಿ, ನಥಿಂಗ್ ವಿಲ್ ಹ್ಯಾಪನ್" ಎಂದೆ.

"ನಿಮ್ಮ ಬ್ರೇಕಿನ ದೀಪಾ ನಂಬಿದ್ರಿ. ನನ್ನದ್ಯಾಕ ನಂಬವಲ್ರಿ?"

ಆ ಗುರುವಾರ ಅಕ್ಕನ ತಲೆ ಬಾಚಲಿಲ್ಲ. ಅವರನ್ನು ಅದೇ ಕಾರಿನಲ್ಲಿ ಕೂಡ್ರಿಸಿಕೊಂಡು ಮಿರಜದ ಆಸ್ಪತ್ರೆಗೆ ಹೊರಟೆ. ಚಾವಿ ತಿರುಗಿಸಿದಾಗ ಕಣ್ಣು ಮುಚ್ಚಿಕೊಂಡೇ "ಸೆಲ್ಫ್ ಛಲೋ ಹೊಡೀತು" ಎಂದರು. ಹೃದಯದ ಕವಾಟ ಸೋರುತ್ತಿದೆ, ಬರುವುದು ತಡವಾಗಿದೆ, ಆದರೂ ಔಷಧಿಯ ಮೇಲೆ ಕೆಲ ಕಾಲ ತಳ್ಳಬಹುದು ಎಂದರು ಡಾಕ್ಟರು. ಸೋರುತ್ತಿದೆ ಎಂಬ ಮಾತು ಕೇಳಿ ಕಾಕು ನನ್ನ ಕಡೆ ನೋಡಿದರು, ಹುಬ್ಬು ಏರಿಸಿ, ನಾನು ಹೇಳಲಿಲ್ಲೇನು ಎನ್ನುವ ಹಾಗೆ.

ಮುಂದಿನ ಮಳೆಗಾಲದವರೆಗೆ ಇದ್ದರು. ಅಂಗಡಿಯಲ್ಲೇ ಕೂತು, ತಮ್ಮ ಸೊಸೆಗೆ ಟೆಸ್ಟರ್ ಹಿಡಿಯಲು ಕಲಿಸಿ, ಗಿರಾಕಿಗಳಿಗೆ ಬೈದು. ಅವರು ತೀರಿಕೊಂಡ ದಿನ ಮಲಗಿಸಿ ಹೊಸ ಇಳಕಲ್ ಸೀರೆ ಹೊದಿಸಿದ್ದರು. ಅಂಚಿನ ತನಕ ನೋಡಿದೆ, ಎಲ್ಲೂ ಒಂದು ತೂತಿಲ್ಲ. ಬೇರೆ ಯಾರದೋ ಮನೆಗೆ ಬಂದಿದ್ದೇನೆ ಅನಿಸಿತು.

ಅಕ್ಕ ಇದ್ದಾಳೆ. ಗುರುವಾರ ಗಾಡಿಯನ್ನು ಅಂಗಳಕ್ಕೆ ತೆಗೆದು ಚಾಲೂ ಮಾಡುತ್ತೇನೆ. ದೀಪಗಳೆಲ್ಲ ಒಮ್ಮೆ ಹತ್ತಿ ಒಂದೊಂದೇ ಆರುತ್ತವೆ. ಕೊನೆಯದು ಆರುವ ತನಕ ಕಾಯುತ್ತೇನೆ. ಆಮೇಲೆ ಸದಲಗಾ. ಬರುವಾಗ ಹೊಳೆಯ ಕಡೆಯಿಂದ ಒಂದು ಸುತ್ತು ಜಾಸ್ತಿ.