ಬ್ಯಾಡಗಿಯ ಹುಣಸೆ ಮರ ಮತ್ತು ನಲವತ್ತೆರಡು ಇಂಚಿನ ಬಾರ್

2005ರ ಮೇ ತಿಂಗಳು. ರಾಣೆಬೆನ್ನೂರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ ಇತ್ತು. ಔಷಧಿ ಹೊಡೆಯುವ ಪಂಪು, ಸಣ್ಣ ಜನರೇಟರ್, ಮರ ಕೊಯ್ಯುವ ಚೈನ್‌ಸಾ ಹೀಗೆ ಸಣ್ಣ ಇಂಜಿನ್ ಇರುವುದೆಲ್ಲ ನನ್ನ ಬಳಿಗೇ ಬರುತ್ತಿತ್ತು. ಐಟಿಐ ಮುಗಿಸಿದ ಮೇಲೆ ಹದಿನೆಂಟು ವರ್ಷ ಅದೇ ಕೆಲಸ ಮಾಡಿದ್ದೆ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತೇನೆಂಬ ಜಂಬ ನನಗಿತ್ತು. ಗಿರಾಕಿಗಳು ಹೆಚ್ಚು ಪ್ರಶ್ನೆ ಕೇಳಿದರೆ ಸಿಡುಕುತ್ತಿದ್ದೆ. ಮಷೀನು ಸರಿಯಾಗಿದೆ, ಒಯ್ಯಿರಿ, ಅಷ್ಟೇ ನನ್ನ ಮಾತು.

ಒಂದು ಸೋಮವಾರ ಬೆಳಿಗ್ಗೆ ಹಜರತ್‌ಸಾಬ್ ಅಂಗಡಿಗೆ ಬಂದ. ಹಾವೇರಿಯಿಂದ ಬ್ಯಾಡಗಿವರೆಗೆ ದೊಡ್ಡ ಮರ ಕೆಡವುವ ಕೆಲಸವೆಂದರೆ ಜನ ಅವನನ್ನೇ ಕರೆಯುತ್ತಿದ್ದರು. ಮಿತಭಾಷಿ, ಕೈ ಬಲು ನಿಖರ. ಅವನ ಜೊತೆ ಫಕ್ಕೀರಪ್ಪ ಎಂಬ ಹಮಾಲ ಇದ್ದ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವವನು. ಅವನ ಮನೆಯ ಪಕ್ಕದಲ್ಲಿ ಒಂದು ಹಳೆಯ ಹುಣಸೆ ಮರವಿತ್ತು. ಹಿಂದಿನ ವಾರದ ಗಾಳಿಗೆ ಅದರ ಬೇರು ಒಂದು ಕಡೆ ಎದ್ದು, ಮರ ಮನೆಯ ಕಡೆಗೆ ವಾಲಿತ್ತು. ಕಡಿಯಲು ಅನುಮತಿ ಸಿಕ್ಕಿತ್ತು. ಆದರೆ ಬೇರು ಸಡಿಲಾದ ಮರವನ್ನು ಹತ್ತಿ ಕೊಂಬೆ ಇಳಿಸಲು ಯಾರೂ ಒಪ್ಪುತ್ತಿರಲಿಲ್ಲ. ಆ ಓಣಿಯೊಳಗೆ ಕ್ರೇನ್ ಹೋಗುತ್ತಿರಲಿಲ್ಲ.

"ಇಪ್ಪತ್ತು ವರ್ಷ ಚೀಲ ಹೊತ್ತು ಕಟ್ಟಿದ ಮನಿ ಐತ್ರಿ," ಎಂದ ಫಕ್ಕೀರಪ್ಪ. "ಮರ ಅದರ ಮ್ಯಾಲ ಬಿದ್ರ ಇನ್ನೊಂದು ಕಟ್ಟಾಕ ಈ ಬೆನ್ನಾಗ ಶಕ್ತಿ ಇಲ್ರಿ."

ಅದೇ ದಿನ ಹೋಗಿ ನೋಡಿದೆ. ಮರದ ಪಶ್ಚಿಮಕ್ಕೆ ಮನೆ, ಪೂರ್ವಕ್ಕೆ ಖಾಲಿ ಜಾಗ. ಮರವನ್ನು ಕೆಡವಬೇಕಾದದ್ದು ಆ ಖಾಲಿ ಜಾಗಕ್ಕೆ, ಅಂದರೆ ಅದು ವಾಲಿದ್ದಕ್ಕೆ ತದ್ವಿರುದ್ಧ ದಿಕ್ಕಿಗೆ. ದಕ್ಷಿಣಕ್ಕೆ ಒಂದು ಉಗ್ರಾಣದ ಕಲ್ಲಿನ ಗೋಡೆ, ಕಾಂಡಕ್ಕೂ ಅದಕ್ಕೂ ನಡುವೆ ಹೆಚ್ಚೆಂದರೆ ಮುಕ್ಕಾಲು ಅಡಿ ಸಂದಿ. ಗರಗಸ ಹಿಡಿದು ನಿಲ್ಲಲು ಉಳಿದದ್ದು ಉತ್ತರದ ಬದಿಯೊಂದೇ. ಟೇಪ್ ಹಿಡಿದು ಅಳೆದೆ. ಕೊಯ್ಯುವ ಎತ್ತರದಲ್ಲಿ ಕಾಂಡದ ಅಗಲ ಮೂವತ್ತೆಂಟು ಇಂಚು.

ಇಲ್ಲಿ ಒಂದು ವಿಷಯ ಹೇಳಬೇಕು. ಚೈನ್‌ಸಾದ ಮುಂದೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿಗೆ ಬಾರ್ ಎನ್ನುತ್ತಾರೆ. ಹಲ್ಲಿನ ಸರಪಳಿ ಅದರ ಅಂಚಿನ ಕಾಲುವೆಯಲ್ಲಿ ಸುತ್ತುತ್ತದೆ, ತುದಿಯಲ್ಲಿ ಒಂದು ಸಣ್ಣ ಗಾಲಿ ಅದನ್ನು ತಿರುಗಿಸುತ್ತದೆ. ಹಜರತ್‌ಸಾಬನ ಗರಗಸದ ಬಾರ್ ಇಪ್ಪತ್ತೈದು ಇಂಚಿನದು. ಎರಡೂ ಕಡೆಯಿಂದ ಕೊಯ್ಯಲು ಜಾಗವಿದ್ದರೆ ಅದೇ ಸಾಕಾಗುತ್ತಿತ್ತು. ಇಲ್ಲಿ ಒಂದೇ ಬದಿಯಿಂದ ಇಡೀ ಕಾಂಡವನ್ನು ದಾಟಬೇಕು. ಅದಕ್ಕೆ ನಲವತ್ತೆರಡು ಇಂಚಿನ ಬಾರ್ ಬೇಕು.

ಬಾರ್ ಸಿಕ್ಕಿತು, ಹಾವೇರಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಬಳಸದೆ ಬಿದ್ದಿತ್ತು. ಅದನ್ನು ಯಾವ ಇಂಜಿನ್ನಿಗೆ ಕೂಡಿಸುವುದು ಎಂಬುದೇ ಪ್ರಶ್ನೆ. ಹಜರತ್‌ಸಾಬನದು ಎಪ್ಪತ್ತು ಸಿಸಿ. ಅದಕ್ಕೆ ಇಷ್ಟುದ್ದದ ಬಾರ್ ಕಟ್ಟಿದರೆ ಹಸಿ ಹುಣಸೆಯ ನಡುವೆ ಸರಪಳಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅದೇ ಅಡ್ಡೆಯಲ್ಲಿ ನೂರಿಪ್ಪತ್ತು ಸಿಸಿಯ ಹಳೆಯ ಗರಗಸವೊಂದಿತ್ತು. ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ, ಆದರೆ ಪಿಸ್ಟನ್ ಚೆನ್ನಾಗಿತ್ತು. ಅದನ್ನೇ ಆರಿಸಿ ಅಂಗಡಿಗೆ ತಂದೆ.

ಮೂರು ದಿನ ಅದರೊಂದಿಗೇ ಕಳೆದೆ. ಬಾರಿನ ಬೋಲ್ಟ್ ಕೂರುವ ಸಂದು ಅಗಲವಾಗಿತ್ತು, ಅದನ್ನು ತುಂಬಲು ಹಾವೇರಿಯ ಲೇತ್ ಅಂಗಡಿಯಲ್ಲಿ ಬುಷ್ ಮಾಡಿಸಿದೆ. ಸಾಮಾನ್ಯ ಸರಪಳಿಯಲ್ಲಿ ಹಲ್ಲುಗಳು ಒತ್ತೊತ್ತಾಗಿರುತ್ತವೆ. ಉದ್ದದ ಕೊಯ್ತದಲ್ಲಿ ಹೊಟ್ಟು ಅವುಗಳ ನಡುವೆ ತುಂಬಿಕೊಂಡು ಓಟ ತಡೆಯುತ್ತದೆ, ಹಾಗಾಗಿ ಹಲ್ಲುಗಳು ದೂರದೂರ ಇರುವ ಸರಪಳಿ ಕೂಡಿಸಿದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ತುಸು ಹೆಚ್ಚಿಸಿದೆ. ಮುಖ್ಯವಾದದ್ದು ಎಣ್ಣೆಯ ಪಂಪು. ಸರಪಳಿ ಒಣಗದಂತೆ ಒಂದು ಸಣ್ಣ ಪಂಪು ಬೇರೆ ಟ್ಯಾಂಕಿನಿಂದ ಬಾರಿಗೆ ಎಣ್ಣೆ ಉಣಿಸುತ್ತಿರುತ್ತದೆ. ಕಂಪನಿ ಕೊಟ್ಟ ಅಳತೆ ಇಷ್ಟುದ್ದದ ಬಾರಿನ ತುದಿಗೆ ಮುಟ್ಟುವುದಿಲ್ಲ. ಪಂಪಿನ ಹರಿವಿಗೆ ಮಿತಿ ಹಾಕುವ ತಡೆಯನ್ನು ಅರದಿಂದ ಉಜ್ಜಿ, ಎಣ್ಣೆ ಮೊದಲಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬರುವಂತೆ ಮಾಡಿದೆ.

ಅಂಗಡಿಯ ಹಿಂದೆ ಬಿದ್ದಿದ್ದ ಜಾಲಿಯ ದಿಮ್ಮಿಯ ಮೇಲೆ ಪರೀಕ್ಷೆ ಮಾಡಿದೆ. ಎರಡು ಕೊಯ್ತ, ಒಟ್ಟು ಐದು ನಿಮಿಷ. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡಿತು. ಬಾರಿನ ತುದಿಯಿಂದ ಎಣ್ಣೆ ಚಿಮ್ಮಿ ಗೋಡೆಗೆ ಗೆರೆ ಬಿತ್ತು. ಹಜರತ್‌ಸಾಬ್ ಕೇಳಿದ: "ಏನೇನ್ ಮಾಡೀರಿ ಅಣ್ಣಾರ ಇದಕ್ಕ?"

"ಮಾಡೋದೆಲ್ಲಾ ಮಾಡೇನಿ. ನೀ ಕೊಯ್ಯೋದು ನೋಡಪಾ," ಎಂದೆ.

ಶುಕ್ರವಾರ ಹತ್ತು ಗಂಟೆಗೆ ಕೆಲಸ ಶುರುವಾಯಿತು. ಮನೆಯವರನ್ನೆಲ್ಲ ಹೊರಗೆ ಕಳಿಸಿದ್ದೆವು. ಫಕ್ಕೀರಪ್ಪನ ಹೆಂಡತಿ ನೀಲವ್ವ ಓಣಿಯ ತುದಿಯಲ್ಲಿ ನಿಂತಿದ್ದಳು, ಮನೆಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಕಲ್ಲು ಕಟ್ಟಿದ ದಾರವನ್ನು ಕೆಳಗಿನಿಂದಲೇ ಮೇಲಿನ ಕವಲಿಗೆ ಎಸೆದು, ಅದರಿಂದ ಉಕ್ಕಿನ ಹಗ್ಗ ಎಳೆದು ಬಿಗಿದು, ಖಾಲಿ ಜಾಗದ ಆಚೆ ದೂರದಲ್ಲಿ ನಿಂತ ಟ್ರ್ಯಾಕ್ಟರಿಗೆ ಕಟ್ಟಿದೆವು. ಹಜರತ್‌ಸಾಬ್ ಪೂರ್ವದ ಬದಿಗೆ ಹತ್ತು ಇಂಚು ಆಳದ ಬಾಯಿ ಕೊರೆದ, ಮರ ಬೀಳಬೇಕಾದ ದಿಕ್ಕಿಗೆ ತೆಗೆಯುವ ಕಚ್ಚು ಅದು. ಪೆಟ್ರೋಲ್ ಮುಗಿದು ಇಂಜಿನ್ ನಿಂತಾಗ ಪೆಟ್ರೋಲು, ಎಣ್ಣೆ ಎರಡನ್ನೂ ತುಂಬಿಕೊಂಡು, ಉತ್ತರಕ್ಕೇ ನಿಂತು, ಬಾಯಿಗೆ ಎದುರಾಗಿ ಮನೆಯ ಬದಿಯಿಂದ ಹಿಂಗೊಯ್ತ ಹಿಡಿದ. ಇದು ಇಪ್ಪತ್ತನಾಲ್ಕು ಇಂಚು ಒಳಗೆ ಹೋಗಬೇಕು. ನಡುವೆ ಉಳಿಯುವ ನಾಲ್ಕು ಇಂಚು ಕಟ್ಟಿಗೆ ಬಾಗಿಲ ತಿರುಗಣಿಯಂತೆ ಮರವನ್ನು ಪೂರ್ವಕ್ಕೆ ತಿರುಗಿಸುತ್ತದೆ. ಕೊಯ್ತ ಮುಚ್ಚದಂತೆ ಅದರ ಹಿಂದೆ ಕಬ್ಬಿಣದ ಬೆಣೆ ಹೊಡೆಯುತ್ತ ಹೋದೆವು.

ಹದಿನಾಲ್ಕು ಇಂಚು ಒಳಗೆ ಹೋದಾಗ ಸದ್ದು ಬದಲಾಯಿತು. ಮೊದಲು ಕೀರಲು, ಆಮೇಲೆ ಕಮಟು ಹೊಗೆ. ಸರಪಳಿ ಗಕ್ಕನೆ ನಿಂತಿತು. ಹಜರತ್‌ಸಾಬ್ ಇಂಜಿನ್ ಆರಿಸಿದ. ಬಾರ್ ಮರದೊಳಗೆ ಕಚ್ಚಿಕೊಂಡಿತ್ತು, ಹೊರಗಿನ ಉಕ್ಕು ನೀಲಿಗಟ್ಟಿತ್ತು.

ಅರ್ಧ ಕೊಯ್ದ ಮರವನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಅದನ್ನು ಮನೆಯ ಮೇಲೆ ಬೀಳದಂತೆ ತಡೆದಿದ್ದುದು ನಾಲ್ಕು ಬೆಣೆ, ಒಂದು ಹಗ್ಗ ಮತ್ತು ಉಳಿದ ಕಟ್ಟಿಗೆ. ಹೊತ್ತು ಹನ್ನೊಂದೂವರೆ ದಾಟಿತ್ತು. ಮಧ್ಯಾಹ್ನದ ಮೇಲೆ ಅಲ್ಲಿ ದಿನವೂ ಗಾಳಿ ಏಳುತ್ತಿತ್ತು. ಆಗಲೇ ಮೇಲಿನ ರೆಂಬೆಗಳು ಅಲುಗತೊಡಗಿದ್ದವು.

ಎಣ್ಣೆಯ ಮುಚ್ಚಳ ತೆಗೆದೆ. ತಳ ಒಣಗಿತ್ತು. ಪೆಟ್ರೋಲಿನ ಮುಚ್ಚಳ ತೆಗೆದೆ. ಅರ್ಧ ಟ್ಯಾಂಕ್ ಇತ್ತು.

ಆಗ ನನಗೆ ಹೊಳೆಯಿತು. ಯಾವ ಗರಗಸವನ್ನೇ ನೋಡಿ, ಪೆಟ್ರೋಲ್ ಮುಗಿದ ಮೇಲೂ ಎಣ್ಣೆ ಸ್ವಲ್ಪ ಉಳಿಯುವಂತೆ ಎರಡೂ ಟ್ಯಾಂಕಿನ ಅಳತೆ ಇಟ್ಟಿರುತ್ತಾರೆ. ಅದಕ್ಕೇ ನಮ್ಮ ಕಡೆಯ ಮರ ಕೊಯ್ಯುವವರು ಎಣ್ಣೆಯನ್ನು ಬೇರೆಯಾಗಿ ನೋಡುವುದೇ ಇಲ್ಲ. ಪೆಟ್ರೋಲ್ ಮುಗಿದು ಇಂಜಿನ್ ನಿಂತಾಗ ಎರಡನ್ನೂ ತುಂಬುತ್ತಾರೆ, ಅದೇ ರೂಢಿ. ನಾನು ಪಂಪನ್ನು ಎರಡು ಪಟ್ಟು ಮಾಡಿದ್ದೆ, ಟ್ಯಾಂಕ್ ಮಾತ್ರ ಮೊದಲಿನಷ್ಟೇ. ಈಗ ಎಣ್ಣೆಯೇ ಮೊದಲು ಮುಗಿಯುತ್ತದೆ. ಬಾಯಿ ಕೊರೆಯುವಾಗ ಮೊದಲ ಟ್ಯಾಂಕಿನಲ್ಲೂ ಸರಪಳಿ ಕೊನೆಗೆ ಒಣಗಿಯೇ ಓಡಿರಬೇಕು, ಬಾರಿನ ಅರ್ಧ ಹೊರಗಿದ್ದದ್ದರಿಂದ ಅದು ತಡೆದುಕೊಂಡಿತ್ತು. ಅಂಗಡಿಯಲ್ಲಿ ಐದು ನಿಮಿಷದ ಬದಲು ಒಂದು ತುಂಬು ಟ್ಯಾಂಕ್ ಓಡಿಸಿದ್ದರೆ ನನಗೆ ಇದು ತಿಳಿಯುತ್ತಿತ್ತು. ಹಜರತ್‌ಸಾಬನಿಗೆ ಒಂದು ಮಾತು ಹೇಳಿದ್ದರೂ ಸಾಕಿತ್ತು.

ಅಷ್ಟರಲ್ಲಿ ಫಕ್ಕೀರಪ್ಪ ಓಡಿ ಬಂದ. "ಏನಾತೋ ಹಜರತ್? ನಿನ್ನ ನಂಬಿ ಮನಿ ಬಿಟ್ಟು ಹೊರಗ ಬಂದೇನಿ ನಾ!"

ಹಜರತ್‌ಸಾಬ್ ತಲೆ ತಗ್ಗಿಸಿದ. "ಎಣ್ಣಿ ನೋಡ್ಲಿಲ್ಲಪಾ. ನಂದ ತಪ್ಪು."

ಬಾರಿನ ತುದಿ ಆಚೆ ಬದಿಯಲ್ಲಿ, ಕಾಂಡ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ನಾಲ್ಕು ಇಂಚು ಹೊರಗೆ ಬಂದಿತ್ತು. ಕಾವಿಗೆ ಹಿಡಿದುಕೊಂಡದ್ದು ಆ ತುದಿಯ ಗಾಲಿ. ಯಾರಾದರೂ ಸಂದಿಗೆ ಹೊಕ್ಕು ಅದನ್ನು ಬಿಡಿಸಬೇಕು. ಮರ ಅಲುಗಿದರೆ ಒಳಗಿದ್ದವನಿಗೆ ಓಡಲು ದಾರಿಯಿಲ್ಲ. ಹಜರತ್‌ಸಾಬ್ ಎಣ್ಣೆಯ ಡಬ್ಬಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಸಂದಿಯ ಕಡೆ ನಡೆದ.

ನಾನು ಸುಮ್ಮನೆ ನಿಂತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ತಪ್ಪು ನನ್ನದೆಂದು ಆ ಜಾಗದಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಒಂದು ಭುಜವನ್ನು ಸಂದಿಯೊಳಗೆ ತೂರಿಸಿದ. ಮೇಲೆ ಮರ ನರಳಿತು.

"ಹಜರತ್, ಹೊರಗ ಬಾ!" ಎಂದು ಕೂಗಿದೆ. "ತಪ್ಪು ನಿಂದಲ್ಲ. ಪಂಪು ಹೆಚ್ಚು ಮಾಡಿದಾಂವ ನಾ, ನಿನಗ ಹೇಳಲಿಲ್ಲ."

ಅವನು ಹೊರಗೆ ಸರಿದು ನನ್ನನ್ನೇ ದಿಟ್ಟಿಸಿ ನೋಡಿದ. ಅವನ ಕೈಯಿಂದ ಡಬ್ಬಿ, ಸ್ಕ್ರೂಡ್ರೈವರ್ ಕಸಿದುಕೊಂಡು ನಾನು ಅಡ್ಡಡ್ಡವಾಗಿ ಒಳಗೆ ಹೊಕ್ಕೆ. ಬೆನ್ನಿಗೆ ಕಲ್ಲು, ಎದೆಗೆ ತೊಗಟೆ. ಉಸಿರು ಪೂರ್ತಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಗಾಳಿ ಬೀಸಿದಾಗ ಕಾಂಡ ಎದೆಯನ್ನು ಒತ್ತಿ ಮತ್ತೆ ಸರಿಯುತ್ತಿತ್ತು. ನನಗೆ ಹೆಂಡತಿ ಮಕ್ಕಳು ನೆನಪಾಗಲಿಲ್ಲ, ಭಯ ಮಾತ್ರ ಇತ್ತು. ಆಚೆಯಿಂದ ಹಜರತ್‌ಸಾಬ್ ಸರಪಳಿಯ ಬಿಗಿತ ಸಡಿಲಿಸಿ, ಬೆಣೆಗಳಿಗೆ ಎರಡೆರಡು ಏಟು ಹಾಕಿದ. ನಾನು ಗಾಲಿಗೆ ಎಣ್ಣೆ ಸುರಿದು ಸ್ಕ್ರೂಡ್ರೈವರಿನಿಂದ ಮೀಟಿದೆ. ಕದಲಲಿಲ್ಲ. ಮತ್ತೆ ಎಣ್ಣೆ, ಮತ್ತೆ ಮೀಟು. ಎಷ್ಟು ಸಲವೋ ಲೆಕ್ಕವಿಲ್ಲ. ಕೊನೆಗೊಮ್ಮೆ ಟಕ್ ಎಂದು ಒಂದು ಹಲ್ಲು ತಿರುಗಿತು, ಇನ್ನೊಂದು ತಿರುಗಿತು.

"ಎಳಿ!" ಎಂದೆ. ಅವನು ಕೈಯಿಂದ ಎಳೆದಾಗ ಸರಪಳಿ ಸರಿಯಿತು.

ನಾನು ಹೊರಗೆ ಬಂದ ಮೇಲೆ ಅವನು ಎಣ್ಣೆ ತುಂಬಿ ಇಂಜಿನ್ ಶುರು ಮಾಡಿದ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಮುಚ್ಚಳ ತೆಗೆದು ನೋಡುತ್ತ ಉಳಿದ ಹತ್ತು ಇಂಚನ್ನು ಕೊಯ್ದ. ಹನ್ನೆರಡೂವರೆಯ ಹೊತ್ತಿಗೆ ಟ್ರ್ಯಾಕ್ಟರಿಗೆ ಕೈ ಬೀಸಿದ. ಹಗ್ಗ ಬಿಗಿಯಿತು. ಮರ ಒಂದು ಗಳಿಗೆ ಯಾವ ಕಡೆಗೂ ಹೋಗದೆ ನಿಂತಿತು, ಆಮೇಲೆ ಪೂರ್ವಕ್ಕೆ ತಿರುಗಿ ಖಾಲಿ ಜಾಗದ ತುಂಬ ಬಿತ್ತು. ಧೂಳು ಇಳಿದಾಗ ಮನೆ ಇದ್ದಲ್ಲೇ ಇತ್ತು. ನೀಲವ್ವ ನೇರವಾಗಿ ಹೋಗಿ ಬೀಗ ತೆಗೆದಳು. ಒಳಗಿನಿಂದ ಅವಳು ಅಳುವುದು ಕೇಳಿಸಿತು.

ಫಕ್ಕೀರಪ್ಪ ಚಹಾ ತಂದ. ನಾನೂ ಹಜರತ್‌ಸಾಬನೂ ಬಿದ್ದ ಕಾಂಡದ ಮೇಲೆ ಕುಳಿತೆವು. ಅವನು ಅರ್ಧ ಚಹಾ ಕುಡಿದು, ನನ್ನ ಕಡೆ ನೋಡದೆ ಕೇಳಿದ:

"ನಾ ಅದರಾಗ ಹೊಗೋತನಕಾ ಯಾಕ ಸುಮ್ನ ನಿಂತ್ರಿ, ಅಣ್ಣಾರ?"

"ಅಂಜಿದ್ದೆ," ಎಂದೆ.

"ಅಂಜಿಕಿ ನನಗೂ ಇತ್ರಿ."

ಇಷ್ಟೇ ಅವನು ಅಂದದ್ದು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಆಮೇಲೆ ನಾನು ಅಂಗಡಿಯ ಕ್ರಮ ಬದಲಿಸಿದೆ. ಯಾವ ಮಷೀನನ್ನೇ ಆಗಲಿ, ತುಂಬು ಟ್ಯಾಂಕ್ ಓಡಿಸಿಯೇ ಕೊಡುತ್ತೇನೆ. ಏನು ಬದಲಿಸಿದ್ದೇನೆ, ಅದರಿಂದ ಅವರ ಯಾವ ರೂಢಿ ಇನ್ನು ನಡೆಯುವುದಿಲ್ಲ ಎಂಬುದನ್ನು ಕೂರಿಸಿ ಹೇಳುತ್ತೇನೆ. ಗಿರಾಕಿಗಳು ಆಕಳಿಸುತ್ತಾರೆ, ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ. ಮಷೀನು ರಿಪೇರಿ ಮಾಡುವುದೆಂದರೆ ಅದನ್ನು ಹಿಡಿಯುವವನ ಜೀವಕ್ಕೂ ಜವಾಬು ಹೇಳುವುದು ಎಂದು ನನಗೆ ಕಲಿಸಿದ್ದು ಆ ಹದಿನೆಂಟು ವರ್ಷಗಳಲ್ಲ, ಆ ಶುಕ್ರವಾರ. ಹಜರತ್‌ಸಾಬ್ ಈಗಲೂ ತನ್ನ ಗರಗಸವನ್ನು ನನ್ನ ಬಳಿಗೇ ತರುತ್ತಾನೆ. ನಾನು ಹೇಳುವುದನ್ನೆಲ್ಲ ಕೊನೆಯವರೆಗೆ ಕೇಳಿಸಿಕೊಂಡು, ಹೋಗುವ ಮುನ್ನ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ಹೇಳೋದು ಇನ್ನೂ ಏನರ ಉಳದೈತೇನ್ರಿ?"

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, ಮಾಡಿದ್ದನ್ನೆಲ್ಲ ಮನಸ್ಸಿನಲ್ಲಿ ಇನ್ನೊಮ್ಮೆ ನೋಡಿ, ಆಮೇಲೆ ಇಲ್ಲ ಎನ್ನುತ್ತೇನೆ.