ಗೇರಿನ ಗಾಡಿ, ಕಾಲೊತ್ತಿನ ಗಾಡಿ

ಹೊಸಪೇಟೆಯ ನಮ್ಮ ಮನೆಯ ಮುಂದೆ ಒಂದೇ ಬೆಳಿಗ್ಗೆ ಎರಡು ಮೋಟಾರು ಬಂದು ನಿಂತಾಗ, ಒಳಗೆ ಹೆಣ್ಣು ನೋಡುವ ಶಾಸ್ತ್ರ ನಡೆದಿದೆಯೆಂದು ಓಣಿಯ ಜನ ಅಂದುಕೊಂಡರಂತೆ. ನೋಡುವ ಶಾಸ್ತ್ರವೇನೋ ಹೌದು. ಆದರೆ ನೋಡಬೇಕಾಗಿದ್ದದ್ದು ಆ ಮೋಟಾರುಗಳನ್ನೇ. ನಮ್ಮ ಯಜಮಾನರಿಗೆ ಗಾಡಿ ಕೊಳ್ಳುವ ಹುಚ್ಚು ಹತ್ತಿತ್ತು.

ಆಗ ನಮ್ಮದು ಮದರಾಸು ಪ್ರಾಂತ್ಯ. ಯಜಮಾನರು ಮದರಾಸಿನ ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬನ ಮೋಟಾರನ್ನು ಸಮುದ್ರದ ದಂಡೆಯ ರಸ್ತೆಯಲ್ಲಿ ಓಡಿಸಿ ಕಲಿತಿದ್ದರು. ಊರಿಗೆ ಬಂದು ಅಕ್ಕಿ ಗಿರಣಿ ನೋಡಿಕೊಳ್ಳತೊಡಗಿದ ಮೇಲೂ ಆ ಗಾಳಿ ಅವರ ತಲೆಯಿಂದ ಇಳಿದಿರಲಿಲ್ಲ. ಗಿರಣಿ ನೋಡಿಕೊಳ್ಳುವುದು ಅಂದೆ. ನಿಜವಾಗಿ ನೋಡಿಕೊಳ್ಳುತ್ತಿದ್ದವರು ನಮ್ಮ ಅತ್ತೆ. ಮಾವನವರು ತೀರಿಕೊಂಡಂದಿನಿಂದ ಮನೆಯಲ್ಲೂ ಗಿರಣಿಯಲ್ಲೂ ಅವರ ಮಾತೇ ಕಡೆಯ ಮಾತು.

ಮೋಟಾರು ತಂದವನು ಬಳ್ಳಾರಿಯ ಒಬ್ಬ ದಲ್ಲಾಳಿ. ಎರಡೂ ಪುಟ್ಟ ಗಾಡಿಗಳು. ಮುಂದೆ ಇಬ್ಬರಿಗೆ ಜಾಗ, ಹಿಂದೆ ಮುಚ್ಚಳ ಎತ್ತಿದರೆ ಇನ್ನೊಂದು ಸಣ್ಣ ಸೀಟು. ಒಂದು ಕೆಂಪು ಬಣ್ಣದ್ದು, ಮೂತಿ ಉದ್ದ, ಮೈ ನೆಲಕ್ಕೆ ಹತ್ತಿದ ಹಾಗೆ. ಪಂದ್ಯದ ಗಾಡಿಯ ಜಾತಿ ಎಂದು ದಲ್ಲಾಳಿ ಹೊಗಳಿದ. ಅದಕ್ಕೆ ಕೈಯಿಂದ ಹಾಕುವ ಗೇರು. ಇನ್ನೊಂದು ಕಪ್ಪು, ಎತ್ತರದ್ದು. ಅದಕ್ಕೆ ಗೇರಿನ ಹಿಡಿಯೇ ಇಲ್ಲ, ಎಲ್ಲವೂ ಕಾಲಿನ ಪೆಡಲ್ಲಿನಲ್ಲೇ.

"ಇದರಾಗ ಕೈಗೆ ತ್ರಾಸಿಲ್ರಿ ಅವ್ವಾರ," ಎಂದು ಅವನು ಕಪ್ಪು ಗಾಡಿಯ ಬೆನ್ನು ತಟ್ಟಿದ. "ಎಡಗಾಲು ಒತ್ತಿದ್ರ ನಿಧಾನ, ಬಿಟ್ರ ಜೋರು. ನಡುವಿಂದು ಒತ್ತಿದ್ರ ಹಿಂದಕ್ಕ. ಹಸುಗೂಸು ಸೈತ ಓಡಸ್ತೈತ್ರಿ."

"ನಮ್ಮನ್ಯಾಗ ಹಸುಗೂಸು ಅಂದ್ರ ಇಂವಾ ಒಬ್ಬನ ನೋಡಪಾ," ಎಂದು ಅತ್ತೆ ಮಗನ ಕಡೆ ಕೈ ತೋರಿಸಿದರು.

ಯಜಮಾನರಿಗೆ ಸಿಟ್ಟು ಬಂತು. "ಗೇರಿಲ್ಲದ ಗಾಡಿ ಒಂದು ಗಾಡಿ ಏನವ್ವಾ? ಕುದುರಿ ಹತ್ತಿದ ಮ್ಯಾಲ ಕೈಯಾಗ ಲಗಾಮು ಬ್ಯಾಡೇನು? ನನಗ ಕೆಂಪಂದ ಇರ್ಲಿ."

ಅತ್ತೆ ಒಪ್ಪಲಿಲ್ಲ. ಎರಡನ್ನೂ ಸಂಡೂರಿಗೆ ಹೊಡೆದು ನೋಡಬೇಕು, ಆಮೇಲೆ ಮಾತು ಎಂದರು. ಸಂಡೂರಿನಲ್ಲಿ ಅವರ ಮಗಳಿದ್ದಳು. ಕಮಾನು ಬಂಡಿಯಲ್ಲಿ ಆ ಘಟ್ಟ ಹತ್ತಿ ಮಗಳ ಮನೆ ಸೇರುವಷ್ಟರಲ್ಲಿ ಅತ್ತೆಯ ಸೊಂಟ ಕಳಚಿ ಬರುತ್ತಿತ್ತು. ಅವರಿಗೆ ಮೋಟಾರು ಬೇಕಾಗಿದ್ದದ್ದೇ ಅದಕ್ಕೆ. ಎರಡನ್ನೂ ಕೆಲವು ದಿನ ನಮ್ಮಲ್ಲೇ ಬಿಟ್ಟು ದಲ್ಲಾಳಿ ರೈಲು ಹತ್ತಿದ.

ಮೊದಲು ಕೆಂಪು ಗಾಡಿ. ಯಜಮಾನರು ಓಡಿಸಿದರು, ನಾನು ಪಕ್ಕದಲ್ಲಿ, ಅತ್ತೆ ಹಿಂದಿನ ಸೀಟಿನಲ್ಲಿ ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡು. ಊರು ದಾಟಿ ಬಯಲಿಗೆ ಬಿದ್ದ ಮೇಲೆ ಗಾಡಿ ಹಾರಿದ ಹಾಗೆ ಓಡಿತು. ಯಜಮಾನರು ಶಿಳ್ಳೆ ಹಾಕತೊಡಗಿದರು. ಘಟ್ಟ ಶುರುವಾದ ಮೇಲೆ ಶಿಳ್ಳೆ ನಿಂತಿತು. ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಸಣ್ಣ ಗೇರಿಗೆ ಇಳಿಸಬೇಕು, ಇವರು ಹಿಡಿ ಎಳೆದರೆ ಒಳಗೆ ಕರಕರ ಎಂದು ಹಲ್ಲು ಕಡಿಯುವ ಸದ್ದು. ಮತ್ತೆ ಎಳೆದರು, ಮತ್ತೆ ಕರಕರ. ಕಡೆಗೆ ಎಂಜಿನ್ನು ಸತ್ತು ಗಾಡಿ ಹಿಂದಕ್ಕೆ ಜಾರಿತು. ಇವರು ಬ್ರೇಕು ಒತ್ತಿ ಹಿಡಿದರು, ನಾನು ಜಿಗಿದು ಗಾಲಿಯ ಹಿಂದೆ ಕಲ್ಲು ಇಟ್ಟೆ. ಸಮುದ್ರದ ದಂಡೆಯಲ್ಲಿ ಏರು ಎಲ್ಲಿರುತ್ತದೆ, ಪಾಪ.

ಅತ್ತೆ ಸಾವಕಾಶವಾಗಿ ಕೆಳಗಿಳಿದರು. "ತಮ್ಮಾ, ನೀ ಅದರ ಕೂಡ ಜಗಳಾ ಮುಗಸ್ಕೊಂಡು ಬಾ. ನಾ ಮುಂದ ನಡದಿರ್ತೀನಿ," ಎಂದವರೇ ಹೊರಟುಬಿಟ್ಟರು.

ನಾವು ಮೇಲೆ ಹತ್ತುವ ಹೊತ್ತಿಗೆ ಅವರು ಮರದ ನೆರಳಲ್ಲಿ ಕೂತು, ಸೀತಾಫಲ ಮಾರುವ ಹೆಂಗಸಿನ ಜೊತೆ ಹಣ್ಣು ತಿನ್ನುತ್ತ ಹರಟೆ ಹೊಡೆಯುತ್ತಿದ್ದರು.

ಮರುದಿನ ಕಪ್ಪು ಗಾಡಿಯ ಸರದಿ. ಬಯಲಿನಲ್ಲಿ ಎಷ್ಟು ಸಲೀಸಾಗಿ ಹೋಯಿತೆಂದರೆ ಯಜಮಾನರು ಹೊಗಳಬಾರದೆಂದು ಹಟ ಹಿಡಿದು ಬಾಯಿ ಬಿಗಿದುಕೊಂಡಿದ್ದರು. ಆದರೆ ಘಟ್ಟದ ಅದೇ ಏರಿನಲ್ಲಿ ಇದಕ್ಕೂ ಬಿಕ್ಕಳಿಕೆ ಬಂತು. ದಲ್ಲಾಳಿ ಇದನ್ನು ಮೊದಲೇ ಹೇಳಿದ್ದ: ಪೆಟ್ರೋಲಿನ ಡಬ್ಬಿ ಸೀಟಿನ ಕೆಳಗಿದೆ, ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಎಂಜಿನ್ನಿಗೆ ಪೆಟ್ರೋಲು ಹರಿದು ಹೋಗುವುದಿಲ್ಲ, ಆಗ ಗಾಡಿಯನ್ನು ತಿರುಗಿಸಿ ಹಿಂದಕ್ಕೆ ಹತ್ತಿಸಬೇಕು. ಹಾಗೇ ಮಾಡಿದೆವು. ಗಾಡಿ ಬೆನ್ನು ಮುಂದೆ ಮಾಡಿಕೊಂಡು ಘಟ್ಟ ಏರತೊಡಗಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಈಗ ಎಲ್ಲರಿಗಿಂತ ಮುಂದಾದರು. ಅವರು ಸೀಟಿನಲ್ಲೇ ಹೊರಳಿ ಕೂತು ದಾರಿ ಹೇಳುತ್ತಿದ್ದರು, ಯಜಮಾನರು ಕುತ್ತಿಗೆ ತಿರುಚಿ ಓಡಿಸುತ್ತಿದ್ದರು.

"ಬಲಕ್ಕ ತಗೋ. ಸಾಕು. ಎಡಕ್ಕ ತೆಗ್ಗೈತಿ. ತಡಿ ತಡಿ, ಎಮ್ಮಿ ಬಂತು!"

ಎದುರಿಗೆ ಇಳಿದು ಬರುತ್ತಿದ್ದ ಬಂಡಿಯವನೊಬ್ಬ ಎತ್ತು ನಿಲ್ಲಿಸಿ ನಮ್ಮನ್ನು ನೋಡಿದ. "ಯಾಕ್ರೀ ಸಾವ್ಕಾರ್ರ, ಊರಿಗೆ ಹೊಂಟೀರೋ, ಮನಿಗೆ ಹೊಂಟೀರೋ?"

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಹಿಂದಿನಿಂದ ಅತ್ತೆ ಗಟ್ಟಿಯಾಗಿಯೇ ನಕ್ಕರು.

ಆದರೂ ಆ ಸಂಜೆ ಮನೆಗೆ ಬಂದು ಕಾಲು ತೊಳೆದುಕೊಂಡು ಕೂತಾಗ ಯಜಮಾನರ ಮಾತು ಬದಲಾಗಿತ್ತು. "ಹಿಂದ ಹೋದ್ರೇನಾತು, ನಿಲ್ಲದ ಹತ್ತಿತಲ್ಲ? ಕಪ್ಪಂದ ಇಟ್ಕಳ್ಳೋಣು," ಎಂದರು. ಲಗಾಮಿನ ಸುದ್ದಿ ಎತ್ತಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ನಿನಗ ಯಾವ್ದು ಚಲೋ ಅನಸ್ತೈತವಾ?"

"ಓಡಸದ ಹೆಂಗ ಹೇಳ್ಲಿ ಅತ್ತಿ?" ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು.

"ಹಂಗಾರ ಓಡ್ಸು."

ಯಜಮಾನರು ನಕ್ಕರು. ಅವ್ವ ನಗುತ್ತಿಲ್ಲವೆಂದು ಕಂಡಮೇಲೆ ನಗು ನಿಲ್ಲಿಸಿದರು. ಅತ್ತೆಗೆ ಅವರದೇ ಲೆಕ್ಕವಿತ್ತು: ಮಗ ವ್ಯಾಪಾರಕ್ಕೆಂದು ಗುಂತಕಲ್ಲು, ಮದರಾಸು ಎಂದು ರೈಲಿನಲ್ಲಿ ತಿರುಗುವವನು, ಅವನು ಬರುವ ತನಕ ಮೋಟಾರು ಕೊಟ್ಟಿಗೆಯಲ್ಲಿ ನಿಂತರೆ ಯಾರಿಗೆ ಲಾಭ? ಊರ ಜನ ಏನಂದಾರು ಎಂದು ಯಜಮಾನರು ಕೇಳಿದ್ದಕ್ಕೆ, "ಗಿರಣಿಗೆ ಕುಂತಾಗ ನನಗೂ ಅಂದಿದ್ರು. ಅಕ್ಕಿ ಮಾತ್ರ ನಮ್ಮಲ್ಲೇ ಒಯ್ದ್ರು," ಎಂದು ಎದ್ದು ಹೋದರು.

ಕಲಿಯಲು ದಿನಕ್ಕೊಂದು ಗಾಡಿಯಂತೆ ಹಂಪಿಗೆ ಹೋದೆವು. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಬೀದಿಗಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ಅಗಲ, ನೇರ, ಎರಡೂ ಕಡೆ ಕಲ್ಲಿನ ಮಂಟಪ. ಅಡ್ಡ ಬರುವುದೆಂದರೆ ಆಡುಗಳು. ಮೊದಲ ದಿನ ಕಪ್ಪು ಗಾಡಿ ಹಿಡಿದೆ. ಕೆಲವೇ ಸುತ್ತಿನಲ್ಲಿ ಬಂತು. ಒತ್ತಿದರೆ ನಿಧಾನ, ಬಿಟ್ಟರೆ ಜೋರು, ಅಷ್ಟೇ. ದಲ್ಲಾಳಿ ಸುಳ್ಳು ಹೇಳಿರಲಿಲ್ಲ. ನಿಧಾನ ಹೋಗುವಷ್ಟು ಹೊತ್ತೂ ಒತ್ತಿ ಹಿಡಿಯಬೇಕಾದ್ದರಿಂದ ಎಡಗಾಲು ಮಾತ್ರ ಜೋಮು ಹಿಡಿಯಿತು.

ಮರುದಿನ ತಂದ ಕೆಂಪು ಗಾಡಿ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. "ಕ್ಲಚ್ಚು ಒತ್ತು, ಹಿಡಿ ನಡುಕ್ಕ ತಾ, ಕ್ಲಚ್ಚು ಬಿಡು, ಎಂಜಿನ್ ಒಂದೀಟು ಎಬ್ಬಿಸು, ಮತ್ತ ಕ್ಲಚ್ಚು ಒತ್ತು, ಈಗ ಗೇರ್ ಹಾಕು," ಎಂದು ಯಜಮಾನರು ಒಂದೇ ಉಸಿರಿನಲ್ಲಿ ಹೇಳಿದರು. ನಾನು ಹಾಕಿದೆ. ಕರಕರ. ಮಂಟಪದಲ್ಲಿ ಮಲಗಿದ್ದ ಆಡುಗಳೆಲ್ಲ ಎದ್ದು ಓಡಿದವು. ಸೀರೆಯ ನೆರಿಗೆ ಪೆಡಲ್ಲಿಗೆ ಸಿಕ್ಕಿಕೊಂಡಿತು. ಇಳಿದು ಕಚ್ಚೆ ಹಾಕಿ ಬಿಗಿದುಕೊಂಡು ಬಂದೆ. ಮತ್ತೆ ಕರಕರ. ಕಣ್ಣಲ್ಲಿ ನೀರು ಬರುವಷ್ಟು ಸಿಟ್ಟು ನನಗೆ.

ಆಮೇಲೆ ಇವರ ಪಾಠಕ್ಕೆ ಕಿವಿ ಕೊಡುವುದನ್ನು ಬಿಟ್ಟು ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟೆ. ಅದರ ರಾಗ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಹದಕ್ಕೆ ಬಂದಾಗ ಹಿಡಿ ಸರಿಸಿದೆ. ಬೆಣ್ಣೆಗೆ ಬೆರಳು ಇಳಿದ ಹಾಗೆ ಗೇರು ಬಿತ್ತು. ಸದ್ದೇ ಇಲ್ಲ. ಗಾಡಿ ಮುಂದಕ್ಕೆ ಜಿಗಿಯಿತು, ಗುಡಿಯ ಗೋಪುರ ನನ್ನ ಕಡೆಗೇ ಓಡಿ ಬಂದ ಹಾಗಾಯಿತು. ಮೈಯೆಲ್ಲ ಜುಮ್ ಎಂದಿತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅಷ್ಟು ಖುಷಿಯಾಗಿ ನಾನು ಕೂಗಿದ್ದು ಅದೇ ಮೊದಲು.

ಮನೆಗೆ ಬರುವ ದಾರಿಯಲ್ಲಿ ನಮ್ಮಿಬ್ಬರದೂ ಜಗಳ. ಅವರಿಗೆ ಕಪ್ಪು ಬೇಕು, ನನಗೆ ಕೆಂಪು.

"ಅದು ಭಾಳ ಕಾಡ್ತೈತಿ. ಘಟ್ಟದಾಗ ನಿಂತ್ರ ಏನ್ ಮಾಡ್ತಿ?"

"ನಿಂತ್ರ ಮತ್ತ ಎಬ್ಬಸ್ತೀನ್ರಿ."

ಅತ್ತೆಗೆ ಇಬ್ಬರ ದೂರೂ ಮುಟ್ಟಿತು. ಹಾಗಾದರೆ ಅವಳೇ ಘಟ್ಟ ಹತ್ತಿಸಿ ತೋರಿಸಲಿ ಎಂದರು.

ಹೊರಟೆವು. ಏರು ಕಾಣಿಸಿದ ಕೂಡಲೇ, ಗಾಡಿ ದಣಿಯುವ ಮೊದಲೇ ಒಂದು ಗೇರು ಇಳಿಸಿದೆ. ಬಿತ್ತು. ಆದರೆ ಕಡಿದಾದ ತಿರುವಿನಲ್ಲಿ ಇನ್ನೊಂದು ಗೇರು ಇಳಿಸಲು ಹೋದಾಗ ಕೈ ತಪ್ಪಿತು. ಕರಕರ ಎಂದು ಎಂಜಿನ್ನು ನಿಂತೇಹೋಯಿತು. ಪಕ್ಕದಿಂದ ಯಜಮಾನರು ಕೈ ಚಾಚಿ ಕೈಬ್ರೇಕು ಎಳೆದು ಹಿಡಿದರು. ಹಿಂದೆ ಬಳೆಯ ಸದ್ದಿನಂತೆ ಏನೋ ಕಿಣಿಕಿಣಿ ಕೇಳಿತು. ತಿರುಗಿ ನೋಡಿದರೆ ಅತ್ತೆ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯಲು ಎದ್ದಿದ್ದರು.

"ಕುಂದರ್ರಿ ಅತ್ತಿ!" ಎಂದುಬಿಟ್ಟೆ.

ಆ ಮನೆಯಲ್ಲಿ ಅವರಿಗೆ ಹಾಗೆ ಯಾರೂ ಹೇಳಿದವರಿಲ್ಲ. ಯಜಮಾನರು ನನ್ನ ಮುಖವನ್ನೇ ನೋಡಿದರು. ಅತ್ತೆ ಒಂದು ಗಳಿಗೆ ನಿಂತರು. ಆಮೇಲೆ ಸೆರಗು ಬಿಗಿದುಕೊಂಡು ಕೂತರು.

ಯಜಮಾನರು ಇಳಿದು ಗಾಡಿಯ ಮೂತಿಯಲ್ಲಿದ್ದ ಹಿಡಿಕೆ ತಿರುಗಿಸಿ ಎಂಜಿನ್ನು ಎಬ್ಬಿಸಿ ಬಂದು ಮತ್ತೆ ಕೈಬ್ರೇಕಿಗೆ ಕೈ ಹಾಕಿದರು. "ನೀ ಹೂಂ ಅಂದಾಗ ಬಿಡ್ತೀನಿ," ಎಂದರು. ನಾನು ಸಣ್ಣ ಗೇರು ಹಾಕಿ, ಸದ್ದು ತುಂಬಿ ಬರುವವರೆಗೆ ಕಾದು, ಹೂಂ ಎಂದೆ. ಗಾಡಿ ಒಂದು ಸಲ ಕುಲುಕಿ ಮೇಲಕ್ಕೆ ಹೊರಟಿತು. ಘಟ್ಟದ ತಲೆ ಮುಟ್ಟುವ ತನಕ ಅದು ನಿಲ್ಲಲಿಲ್ಲ. ಮೇಲೆ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದೆ.

"ಕೆಂಪಂದ ಇರ್ಲಿ," ಎಂದರು ಅತ್ತೆ.

ದಲ್ಲಾಳಿ ಬಂದು ಕಪ್ಪು ಗಾಡಿಯನ್ನು ಒಯ್ದ. ಅದು ಓಣಿಯ ತಿರುವು ದಾಟುವ ತನಕ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಎರಡು ದಿನ ಮುಖ ಊದಿಸಿಕೊಂಡಿದ್ದರು, ಆಮೇಲೆ ಸರಿಹೋದರು. ಬಯಲಿನಲ್ಲಿ ಅವರು, ಘಟ್ಟದಲ್ಲಿ ನಾನು ಎಂದು ನಮ್ಮೊಳಗೆ ಒಪ್ಪಂದವಾಯಿತು. ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ನಾವು ಜಾಗ ಬದಲಿಸುವುದನ್ನು ಬಂಡಿಯವರು ಮೊದಮೊದಲು ಬಾಯಿ ಬಿಟ್ಟು ನೋಡುತ್ತಿದ್ದರು. ಬರಬರುತ್ತ ನೋಡುವುದನ್ನೇ ಬಿಟ್ಟರು.

ಕಂಪ್ಲಿ ನನ್ನ ತವರು. ಆ ದಾರಿಯಲ್ಲಿ ಘಟ್ಟವಿಲ್ಲ, ಆದರೂ ತವರಿಗೆ ಹೋಗುವಾಗ ನಾನೇ ಓಡಿಸುತ್ತೇನೆಂದು ಹಟ ಹಿಡಿದೆ. ಕಮಲಾಪುರ ದಾಟಿ, ಕಾಲುವೆಯ ಪಕ್ಕದ ಗದ್ದೆ, ಬಾಳೆ, ಕಬ್ಬು ನೋಡುತ್ತ ಬೆಲ್ಲದ ವಾಸನೆಯ ಊರಿಗೆ ಹೋಗಿ ಇಳಿದೆವು. ಅಪ್ಪ ತೋಟದಲ್ಲಿದ್ದರು. ಮೋಟಾರಿನ ಸದ್ದು ಕೇಳಿ ಅವರು ಬರುವ ಹೊತ್ತಿಗೆ ನಾನು ಅವ್ವನ ಹತ್ತಿರ ಒಳಗೆ ಹೋಗಿದ್ದೆ. ಅಂಗಳದಲ್ಲಿ ಇವರೊಬ್ಬರೇ.

"ಬರ್ರಿ ಅಳಿಯಂದಿರು. ಡ್ರೈವರ್ ಎಲ್ಲಿ? ಅವನ್ನೂ ಊಟಕ್ಕ ಕರೀರಿ."

"ಡ್ರೈವರು ಆಗ್ಲೇ ಅಡಗಿ ಮನ್ಯಾಗ ಕುಂತಾರ್ರಿ ಮಾವಾರ," ಎಂದರು ಯಜಮಾನರು.

ಅಪ್ಪ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತು ನನ್ನನ್ನೂ, ಎಣ್ಣೆ ಮಸಿಯಾದ ನನ್ನ ಕೈಯನ್ನೂ ನೋಡಿದರು. ಬೈಯುತ್ತಾರೆಂದು ಅವ್ವ ಹೆದರಿ ನನಗೆ ಅಡ್ಡ ಬಂದು ನಿಂತಳು.

"ನಾಳಿ ತ್ವಾಟಕ್ಕ ನನ್ನೂ ಕರಕೊಂಡು ಹೋಗ್ತೀಯೇನವಾ?" ಎಂದು ಕೇಳಿದರು ಅಪ್ಪ.

ಮರುದಿನ ನಾನು ಎದ್ದು ಹೊರಗೆ ಬಂದಾಗ ಅವರು ಹೊಸ ರುಮಾಲು ಸುತ್ತಿಕೊಂಡು ಗಾಡಿಯಲ್ಲಿ ಕೂತಾಗಿತ್ತು.