ಲಾನ್ ಮೋವರ್ ಯಾರ ಕೈಗೆ?

ಫ್ರೆಂಡ್ಸ್, ಕೇಳಿ! ವಾನಳ್ಳಿಯ ಹೋಂಸ್ಟೇ ಒಂದರಲ್ಲಿ ನನಗೆ ಭಾನುವಾರದ ಗಾರ್ಡನ್ ಕೆಲಸ ಸಿಕ್ಕಿದೆ. ಅದಕ್ಕೆ ಲಾನ್ ಮೋವರ್ ಆರಿಸಲು ಇವತ್ತು ಶಿರಸಿಯ ಪರಿಚಯದ ಅಂಗಡಿಗೆ ಇಬ್ಬರೂ ಹೋದರೆ, ಅಂಗಡಿಯವರು ನನ್ನತ್ತ ನೋಡದೆ ಎಲ್ಲ ಯಂತ್ರಗಳನ್ನೂ ನನ್ನ ಮುದ್ದಿನ ಗಂಡನಿಗೇ ವಿವರಿಸಿದರು. ನಾನು ಹಗುರವಾದ ಬ್ಯಾಟರಿ ಯಂತ್ರವನ್ನು ತಳ್ಳಿ ನೋಡಿ, "ನನಗೆ ಇದು ಸಾಕು" ಎಂದೆ.

"ತಮಾ, ಹುಲ್ಲು ಹೊಡಿಯದು ಇವ್ಳಾ?" ಅಂಗಡಿಯವರಿಗೆ ಗಾಬರಿ. "ಮದುವೆಯಾಗಿ ತಿಂಗಳೂ ಆಜಿಲ್ಲೆ, ಹೆಂಡ್ತಿನ ದುಡಿಯಲೆ ಹಚ್ಚಿದ್ಯಾ?"

ಗಂಡನ ಮುಖ ಕೆಂಪಾಯಿತು; ಆ ಕೆಲಸ ತನ್ನದೇ ಎಂದುಬಿಟ್ಟ. "ಇಲ್ಲೆ ಅಣ್ಣಾ, ಆನೇ ಹೊಡೀತೆ! ಆ ದೊಡ್ಡ ಪೆಟ್ರೋಲಿಂದೇ ಕೊಡು."

ನನ್ನಿಂದ ಎತ್ತಲೂ ಆಗದ ಯಂತ್ರ ಮನೆಗೆ ಬಂದಿದೆ. ಆರಿಸುವ ಭಾಗ್ಯ ನನಗಿರಲಿಲ್ಲ, ನಿಜ. ಆದರೆ ಸಂಬಳ ಕೇಳದ ಆಳೊಬ್ಬ ಸಿಕ್ಕಿದ್ದಾನಲ್ಲ! ಭಾನುವಾರ ಅವನೇ ತಳ್ಳಲಿ. ಮೇಸ್ತ್ರಿ ಮಾತ್ರ ನಾನೇ.